ಚನ್ನಬಸಮ್ಮನ ಸೈಕಲ್ ಸ್ಟ್ಯಾಂಡೂ ಓರಗಿತ್ತಿಯ ನಾಣ್ಯದ ಬಾಟಲಿಯೂ

ಟಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೆಮ್ಮಿಗೆ ಕಡೆಯಿಂದ ಬಂದ ಸೈಕಲ್ಲುಗಳು ಒಂದರ ಹಿಂದೊಂದು ತಗಡಿನ ಸೂರಿನ ಕೆಳಗೆ ನುಗ್ಗುತ್ತಿವೆ. ಮೈಸೂರಿನ ಮೊದಲ ಬಸ್ಸು ಹಿಡಿಯುವ ಅವಸರದಲ್ಲಿ ಯಾರಿಗೂ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸುವ ವ್ಯವಧಾನವಿಲ್ಲ. ಸಿಕ್ಕಿದ ಕಡೆ ಒರಗಿಸಿ, ಹ್ಯಾಂಡಲ್ಲಿನ ಬುತ್ತಿಚೀಲ ಕಿತ್ತುಕೊಂಡು ಓಡುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಚನ್ನಬಸಮ್ಮ ಒಬ್ಬೊಬ್ಬರ ಕೈಗೂ ತಗಡಿನ ಬಿಲ್ಲೆ ತುರುಕುತ್ತಾರೆ. ಹಿಂದೆಯೇ ಸೀಟು ಹಿಡಿದು ಚಕ್ರ ಎತ್ತಿ, ಕಾಲಿನಿಂದ ಸ್ಟ್ಯಾಂಡ್ ಒತ್ತಿ, ಸಾಲಿಗೆ ಸೇರಿಸುತ್ತಾರೆ.

"ಚಾಮಯ್ಯ, ಬೀಗ ಆಕ್ದೆ ಓಯ್ತಾ ಇದೀಯಲ್ಲಪ್ಪ."

"ನೀವಿದೀರಲ್ಲಕ್ಕ" ಎಂಬ ಉತ್ತರ ಬಸ್ಸಿನ ಬಾಗಿಲಿನಿಂದ ಬರುತ್ತದೆ.

ಹನ್ನೆರಡು ವರ್ಷದಿಂದ ಚನ್ನಬಸಮ್ಮನವರ ಬೆಳಗು ಹೀಗೇ ಆಗುತ್ತಿದೆ. ಈ ಸ್ಟ್ಯಾಂಡ್ ಹಾಕಿದವರು ಗಂಡ ಅಮೃತೇಶ್. 1993ರಲ್ಲಿ ಅವರು ಕಾಮಾಲೆಯಿಂದ ತೀರಿಕೊಂಡಾಗ ಉಳಿದದ್ದು ಸೂರು, ಅದರ ಹಿಂದಿನ ಒಂದು ಕೋಣೆ, ಮತ್ತು ಹತ್ತು ವರ್ಷದ ಮಗಳು ಮಧುಶ್ರೀ. ಹೆಂಗಸು ಸ್ಟ್ಯಾಂಡ್ ನೋಡಿಕೊಳ್ಳುವುದುಂಟೇ ಎಂದವರೆಲ್ಲ ಈಗ ಇಲ್ಲಿಯೇ ಸೈಕಲ್ ಬಿಡುತ್ತಾರೆ. ಸೈಕಲ್ಲಿಗೆ ಒಂದು ರೂಪಾಯಿ, ಮೋಟರ್ ಬೈಕಿಗೆ ಮೂರು. ಹಬ್ಬವಿಲ್ಲ, ರಜೆಯಿಲ್ಲ. ಎತ್ತಿ ಎತ್ತಿ ಬಲಗಡೆಯ ಭುಜ ಇಳಿಬಿದ್ದಿದೆ. "ರಾತ್ರಿ ಮಲಿಕಂಡ್ರೆ ಆ ಕಡೆ ಮಗ್ಗುಲಾಗಕ್ಕಾಗಲ್ಲ. ಈ ಕಡೆನೇ ಮಲೀಕತೀನಿ, ಇನ್ನೇನ್ಮಾಡದು" ಎನ್ನುತ್ತಾರೆ.

ಆದರೆ ಮಾತಿಗೆ ಕೂತರೆ ಭುಜದ ನೋವಿಗಿಂತ ಹೆಚ್ಚಾಗಿ ಅವರು ಹೇಳುವುದು ನಂಜನಗೂಡಿನ ರುದ್ರಮ್ಮನ ವಿಷಯ.

ರುದ್ರಮ್ಮ ಅಮೃತೇಶರ ಅಣ್ಣ ಸಿದ್ದಮಲ್ಲಪ್ಪನವರ ಹೆಂಡತಿ, ಚನ್ನಬಸಮ್ಮನವರಿಗೆ ಓರಗಿತ್ತಿ. ದಿನಸಿ ಅಂಗಡಿ, ತಾರಸಿ ಮನೆ, ನಲ್ಲಿ ನೀರು ಎಲ್ಲ ಉಂಟು. ಮಕ್ಕಳಿಲ್ಲ. ಅಮೃತೇಶ್ ತೀರಿಕೊಂಡ ವರ್ಷವೇ ರುದ್ರಮ್ಮ ಬಂದು, "ಬೆಳಗಾನೆ ನೀನು ಸ್ಟ್ಯಾಂಡಲ್ಲಿರ್ತೀಯ, ಮಗು ಗತಿ ಏನು? ನಮ್ಮನೇಲಿ ಓದ್ಕಳ್ಳಿ ಬುಡು" ಎಂದರು. ಬೇಡವೆನ್ನಲು ಚನ್ನಬಸಮ್ಮನವರಲ್ಲಿ ಕಾರಣವಿರಲಿಲ್ಲ. ಮಗಳನ್ನು ಕಳಿಸಿದರು. ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ.

ಭಾನುವಾರ ಬಂದ ಮಗಳ ಬಾಯಲ್ಲಿ ಬರೀ ದೊಡ್ಡವ್ವ. ದೊಡ್ಡವ್ವ ಸಾರಿಗೆ ಹೀಗೆ ಒಗ್ಗರಣೆ ಹಾಕುತ್ತಾರೆ, ದೊಡ್ಡವ್ವ ಜಡೆಗೆ ಹೀಗೆ ರಿಬ್ಬನ್ ಕಟ್ಟುತ್ತಾರೆ. ಚನ್ನಬಸಮ್ಮ ಮಗಳನ್ನು ಎದುರಿಗೆ ಕೂರಿಸಿಕೊಂಡು, ರುದ್ರಮ್ಮ ಹೆಣೆದ ಜಡೆಯನ್ನು ಬಿಚ್ಚಿ, ಎಣ್ಣೆ ಹಚ್ಚಿ, ತಾವೇ ಹೊಸದಾಗಿ ಹೆಣೆಯುತ್ತಿದ್ದರು. "ಚೆನ್ನಾಗೇ ಎಣ್ದಿರರು. ಅದ್ಕೇ ಬಿಚ್ತಿದ್ದೆ" ಎಂದು ಈಗ ಒಪ್ಪಿಕೊಳ್ಳುತ್ತಾರೆ.

ಆಮೇಲೆ ಬಂತು ನಾಣ್ಯದ ಬಾಟಲಿ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಬಂದ ಸ್ಮರಣಾರ್ಥ ನಾಣ್ಯಗಳನ್ನೆಲ್ಲ ರುದ್ರಮ್ಮ ಒಂದು ದೊಡ್ಡ ಗಾಜಿನ ಬಾಟಲಿಗೆ ಹಾಕಿಡುತ್ತಿದ್ದರು. ಅಂಬೇಡ್ಕರ್ ಇರುವ ಒಂದು ರೂಪಾಯಿ, ಪಟೇಲರ ಎರಡು ರೂಪಾಯಿ, ಸುಭಾಷರದು, ಸಣ್ಣ ಕುಟುಂಬದ ಚಿತ್ರವಿದ್ದದ್ದು. ಮಧುಶ್ರೀ ಶಾಲೆಯಿಂದ ಬಂದವಳೇ ಅವನ್ನು ಚಾಪೆಯ ಮೇಲೆ ಸುರಿದು, ಚಿತ್ರ ನೋಡಿ ಬೇರೆ ಬೇರೆ ಮಾಡುತ್ತಿದ್ದಳು. "ಅವ್ವ, ಇವು ಮುಂದೆ ಒಂದೊಂದೂ ಸಾವಿರಾರು ರೂಪಾಯಿ ಆಯ್ತವಂತೆ. ಎಲ್ಲಾ ನನ್ ಮದುವೆಗೇ ಅಂತೆ" ಎಂದು ಒಂದು ಭಾನುವಾರ ಹೇಳಿದಳು.

ಮದುವೆಯ ಮಾತು ಚನ್ನಬಸಮ್ಮನವರಿಗೆ ನಾಟಿತು. ಅಂಥ ನಾಣ್ಯಗಳು ತಮ್ಮ ಕೈಗೂ ದಿನಾ ಬರುತ್ತಿದ್ದವು. ಮುಖ ನೋಡದೆ ಚಿಲ್ಲರೆಗೆ ಕೊಟ್ಟುಬಿಡುತ್ತಿದ್ದರು. ಮಾರನೆಯ ದಿನದಿಂದ ಒಂದನ್ನೂ ಬಿಡಲಿಲ್ಲ. ತಿರುಗಿಸಿ ನೋಡುವುದು, ಚಿತ್ರ ಬೇರೆಯಿದ್ದರೆ ಗಂಟಿಗೆ ಹಾಕುವುದು. ಗಂಡನ ಹಳೆಯ ಪಂಚೆ ಹರಿದು ಮಾಡಿದ ಗಂಟು ಸೊಂಟದಲ್ಲೇ ಇರುತ್ತಿತ್ತು. "ಅಕ್ಕನ ಬಾಟ್ಲಿ ತುಂಬದ್ರೊಳ್ಗೆ ನಂದು ತುಂಬ್ಬೇಕು ಅನ್ನೋದೊಂದೇ ತಲೇಲಿ. ಊಟ ರುಚಿಸ್ತಿರ್ಲಿಲ್ಲ ಕಣ್ರೀ. ಅವರಂಗ್ಡಿಗೆ ಇವತ್ತೆಷ್ಟು ಬಂದಿರ್ತವೋ ಅಂತ ಅದೇ ಯೋಚ್ನೆ."

ಗಂಟು ದಪ್ಪಗಾಯಿತು, ಸ್ಟ್ಯಾಂಡಿನಲ್ಲಿ ಚಿಲ್ಲರೆ ಇಲ್ಲವಾಯಿತು. ಮೈಸೂರಿನಲ್ಲಿ ಗಾರೆ ಕೆಲಸಕ್ಕೆ ಹೋಗುವ ಹೆಮ್ಮಿಗೆಯ ಚಾಮಯ್ಯ ಒಂದು ಬೆಳಿಗ್ಗೆ ಐದು ರೂಪಾಯಿ ನೋಟು ಕೊಟ್ಟು, ಬಸ್ಸಿಗೆ ಚಿಲ್ಲರೆ ಬೇಕೆಂದು ನಿಂತರು. ಇಲ್ಲ ಎಂದರು ಚನ್ನಬಸಮ್ಮ. "ಸೊಂಟದಲ್ಲಿ ಗಲಗಲ ಅಂತಿರೋದೇನಕ್ಕ?" ಎಂದು ಚಾಮಯ್ಯ ಕೇಳಿದರು. ಅದು ಕೊಡೋದಲ್ಲ ಎಂದರು ಚನ್ನಬಸಮ್ಮ. ಮಾತಿಗೆ ಮಾತು ಬೆಳೆಯುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಆವತ್ತಿನ ಕೂಲಿಯೂ ಹೋಯಿತು. ಚಾಮಯ್ಯ ಸೈಕಲ್ ತೆಗೆದುಕೊಂಡು ಊರಿಗೆ ವಾಪಸಾದರು. ಎಷ್ಟೋ ದಿನ ಈ ಕಡೆ ಬರಲಿಲ್ಲ. ಅವರ ಜೊತೆಯವರು ಕೆಲವರೂ ಬರಲಿಲ್ಲ. ಆದರೂ ಚನ್ನಬಸಮ್ಮ ಗಂಟು ಬಿಚ್ಚಲಿಲ್ಲ.

1999ರ ಸಂಕ್ರಾಂತಿ ಕಳೆದ ಮೇಲೆ, ಪಕ್ಕದ ಹೂವಿನಂಗಡಿಯವರಿಗೆ ಸ್ಟ್ಯಾಂಡ್ ಒಪ್ಪಿಸಿ, ಅವರು ಮೈಸೂರಿಗೆ ಹೋದರು. ಮಾರುಕಟ್ಟೆ ಹತ್ತಿರ ಹಳೆಯ ನಾಣ್ಯ ಕೊಳ್ಳುವ ಅಂಗಡಿಯೊಂದಿದೆ ಎಂದು ಯಾರೋ ಹೇಳಿದ್ದರು. ಅಂಗಡಿಯವನು ಗಂಟನ್ನು ಬಿಚ್ಚಿ, ಕೈಯಾಡಿಸಿ, ಮತ್ತೆ ಕಟ್ಟಿಕೊಟ್ಟ. "ಅಮ್ಮ, ಇವನ್ನ ಕೋಟಿಗಟ್ಟಲೆ ಅಚ್ಚು ಹಾಕಿದಾರೆ. ಎಲ್ಲರ ಜೇಬಲ್ಲೂ ಇರೋದಕ್ಕೆ ಯಾರು ಹೆಚ್ಚು ಕೊಡ್ತಾರೆ? ಎರಡು ರೂಪಾಯಿಗೆ ಎರಡೇ ರೂಪಾಯಿ. ಖರ್ಚು ಮಾಡ್ಕೊಳಿ" ಎಂದ.

"ಬೇಜಾರಾಗ್ಬೇಕಿತ್ತಲ್ವಾ? ನಂಗೆ ಸಂತೋಸ ಆಯ್ತು" ಎನ್ನುತ್ತಾರೆ ಚನ್ನಬಸಮ್ಮ. "ನಂದು ಓದ್ರೆ ಓಗ್ಲಿ, ಅಕ್ಕಂದೂ ಓಯ್ತಲ್ಲ ಅಂತ."

ನರಸೀಪುರದ ಬಸ್ಸು ಬಿಟ್ಟು ನಂಜನಗೂಡಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡರು. ಮಗಳ ಎದುರಿಗೇ ಹೇಳಬೇಕು, ನಿನ್ನ ದೊಡ್ಡವ್ವನ ಸಾವಿರ ರೂಪಾಯಿ ಬರೀ ಎರಡು ರೂಪಾಯಿ ಎಂದು. ಮನೆಗೆ ಹೋದರೆ ಮಧುಶ್ರೀ ನಡುಮನೆಯಲ್ಲಿ ನಾಣ್ಯಗಳನ್ನು ಹರಡಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ರುದ್ರಮ್ಮ. ತಾಯಿಯನ್ನು ಕಂಡವಳೇ ಹುಡುಗಿ ನಾಣ್ಯಗಳನ್ನು ತುಳಿದುಕೊಂಡೇ ಬಾಗಿಲಿಗೆ ಓಡಿಬಂದಳು. ರುದ್ರಮ್ಮ ಅವಳನ್ನು ಹಾಲು ತರಲು ಕಳಿಸಿದರು. ಅವಳು ಬರುವವರೆಗೆ ಕಾಯುವಷ್ಟು ತಾಳ್ಮೆ ಚನ್ನಬಸಮ್ಮನವರಿಗೆ ಇರಲಿಲ್ಲ. ನಿಂತಲ್ಲೇ ಹೇಳಿಬಿಟ್ಟರು.

ರುದ್ರಮ್ಮ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು. "ನಂಗೊತ್ತು ಚನ್ನಿ. ನಿಮ್ ಬಾವ ಬ್ಯಾಂಕಲ್ಲಿ ಕೇಳ್ಕಂಡು ಬಂದು ಏಳಿದ್ರು. ಆಗ್ಲೇ ಎಲ್ಡು ವರ್ಸ ಆಯ್ತು."

"ಮತ್ಯಾಕ್ಕ ಇಟ್ಕಂಡಿದೀರಿ?"

"ಅವಳು ಅದನ್ನ ಸುರ್ಕಂಡಾಗ ನನ್ ಪಕ್ಕ ಕೂತ್ಕತಾಳೆ. ಅದಿಲ್ದಿದ್ರೆ ಪುಸ್ತಕ ಇಡ್ಕಂಡು ಒಳಿಕ್ಕೆ ಓಯ್ತಾಳೆ. ಬಾನುವಾರ ಬಂತೂಂದ್ರೆ ಬೆಳಗಾಗದ್ರೊಳ್ಗೇ ಬ್ಯಾಗು ಎಗಲ್ಗಾಕ್ಕಂಡು ನಿಂತಿರ್ತಾಳೆ, ಅವ್ವನ ತಾವ್ಕೆ ಓಗ್ಬೇಕು ಅಂತ. ತಿಂಡಿ ಮಾಡಿದ್ರೂ ತಿನ್ನಲ್ಲ." ಸಿಪ್ಪೆಯನ್ನು ಪಕ್ಕಕ್ಕೆ ಗುಡ್ಡೆ ಮಾಡಿ ರುದ್ರಮ್ಮ ಹೇಳಿದರು: "ಅವಳು ಅತ್ಲಾಗೋದ್ಮೇಲೆ ಆವತ್ತೆಲ್ಲ ನಾನು ಒಲೆ ಅಚ್ಚದೇ ಇಲ್ಲ. ನಿನ್ನ ಕಂಡ್ರೆ ನಂಗೆ ಎಷ್ಟು ಒಟ್ಟೆಕಿಚ್ಚು ಅಂತ ನಿಂಗೇನ್ ಗೊತ್ತು."

ಚನ್ನಬಸಮ್ಮ ಅಲ್ಲಿಯೇ ಕೂತು ಮೊರಕ್ಕೆ ಕೈ ಹಾಕಿ ಕಾಯಿ ಸುಲಿಯತೊಡಗಿದರು. ಮಗಳು ಹಾಲು ತಂದಾಗ ನಾಣ್ಯದ ವಿಷಯ ಇಬ್ಬರೂ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಗಂಟು ಬಿಚ್ಚಿ ನಾಣ್ಯಗಳನ್ನು ಗಲ್ಲಾ ಡಬ್ಬಿಗೆ ಸುರಿದರು. ಒಂದೇ ವಾರದಲ್ಲಿ ಅಷ್ಟೂ ನಾಣ್ಯಗಳು ಚಿಲ್ಲರೆಯಾಗಿ ಬಸ್ಸು ಹತ್ತಿ ಹೋದವು. ಚನ್ನಬಸಮ್ಮ ಹೆಮ್ಮಿಗೆಗೇ ಹೋಗಿ ಚಾಮಯ್ಯನವರನ್ನು ಮಾತಾಡಿಸಿ ಕರೆತಂದರು. ರುದ್ರಮ್ಮನ ಬಾಟಲಿ ಮಾತ್ರ ಇದ್ದಲ್ಲೇ ಇತ್ತು. ಅಂಥ ನಾಣ್ಯ ಕೂಡಿಡಬೇಕೋ ಖರ್ಚು ಮಾಡಬೇಕೋ ಎಂದು ಕೇಳಿದರೆ ಚನ್ನಬಸಮ್ಮ ನಗುತ್ತಾರೆ. "ದುಡ್ಡಿನಾಸೆಗೆ ಇಡಬ್ಯಾಡಿ. ಮಕ್ಳು ಆಡ್ಕತವೆ ಅಂದ್ರೆ ಇಟ್ಕಳಿ. ನಂಗಂತೂ ಬೆಳಗಾನೆ ಚಿಲ್ರೆ ಬೇಕು."

ಹಾಗೆಂದು ಹೊಟ್ಟೆಕಿಚ್ಚು ಹೋಯಿತೇ? ಇಲ್ಲ ಎಂದು ನೇರವಾಗಿ ಹೇಳುತ್ತಾರೆ. ಮಧುಶ್ರೀಯ ಮದುವೆಯಾಗಿದೆ, ಕವಲಂದೆಯಲ್ಲಿದ್ದಾಳೆ. ಈಗ ಏಳು ತಿಂಗಳ ಬಸುರಿ. ಬಾಣಂತನ ತವರಿನಲ್ಲೇ ಆಗಬೇಕು. ಆದರೆ ತವರು ಯಾವುದು? ಸೈಕಲ್ಲುಗಳ ಹಿಂದಿನ ಒಂದು ಕೋಣೆಯೇ, ನಂಜನಗೂಡಿನ ಮನೆಯೇ? ರುದ್ರಮ್ಮ ಬಚ್ಚಲಿಗೆ ಹೊಸ ಹಂಡೆ ಕೂರಿಸಿದ್ದಾರಂತೆ. ತೊಟ್ಟಿಲೂ ಬಂದಿದೆಯಂತೆ.

"ಅಲ್ಲೇ ಆಗ್ಲಿ, ನಮ್ಮಲ್ಲಿ ಜಾಗ ಎಲ್ಲದೆ" ಎನ್ನುತ್ತಾರೆ ಚನ್ನಬಸಮ್ಮ, ಬಂದು ನಿಂತ ಸೈಕಲ್ಲನ್ನು ಸಾಲಿಗೆ ಎಳೆದುಕೊಳ್ಳುತ್ತ. "ಸ್ಟ್ಯಾಂಡಿಗೆ ಒಂದು ತಿಂಗಳು ಯಾರ್ನಾರ ಬುಟ್ಟು ನಾನೂ ಓಗ್ತೀನಿ. ಮಗೀಗೆ ಮೊದಲ್ನೇ ನೀರು ನಾನಾಕ್ಬೇಕು, ಅಕ್ಕಂಗೆ ಏಳ್ಬುಟ್ಟಿದೀನಿ. ಎರಡನೇದ್ರಿಂದ ಅವರೇ ಆಕ್ಕಳ್ಳಿ."