ಎರಡು ಮನೆಯ ಅಳಿಯ

ಟರ್ರ್ ಎಂದು ಒಂದೇ ಉಸಿರಿಗೆ ಓಡುತ್ತಿದ್ದ ಹೊಲಿಗೆ ಯಂತ್ರ ಅಂಗಿಯ ತೋಳಿನ ನಡುವೆ ಗಕ್ಕನೆ ನಿಂತಿತು. ಒಳಗೆ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಹೇಳಿದಳು:

“ಬಿದ್ದಿಲ್ಲ ರೀ. ಇನ್ನೂ ಅಲ್ಲೇ ಇದೆ.”

ದರ್ಜಿ ಎದುರಿನ ಮನೆಯಿಂದ ಕಣ್ಣು ಕಿತ್ತು ಮತ್ತೆ ಪೆಡಲಿನ ಮೇಲೆ ಕಾಲಿಟ್ಟ.

ಇಡೀ ಬೀದಿಗೆ ಹಳೆಯದು ಆ ಮನೆ. ಮಹಡಿಯ ಕಿಟಕಿಗಳಿಗೆ ಬಣ್ಣದ ಗಾಜು, ಗಾಜು ಹೋದ ಕಡೆ ರಟ್ಟು. ಬಾಗಿಲ ಮೇಲಿನ ಗಾರೆಯ ಸಿಂಹಕ್ಕೆ ಮೂಗು ಉದುರಿ, ಈಗದು ಮುನಿಸಿಕೊಂಡ ಬೆಕ್ಕಿನ ಹಾಗೆ ಕಾಣುತ್ತದೆ. ಹಿಂದೆ ಯಾರೋ ದೊಡ್ಡ ಮನುಷ್ಯರು ಅಲ್ಲಿ ಒಂದು ರಾತ್ರಿ ತಂಗಿದ್ದರಂತೆ. ಔಷಧಿ ಅಂಗಡಿಯವರ ಪ್ರಕಾರ ಸೇನಾಪತಿ, ಹಾಲಿನವನ ಪ್ರಕಾರ ನಾಟಕದ ನಟಿ. ದರ್ಜಿ ಈ ಇತಿಹಾಸವನ್ನು ಮೊದಲ ಸಲ ಬಣ್ಣಿಸಿದಾಗ ಹೆಂಡತಿ, “ಒಂದೇ ರಾತ್ರಿಗೆ ಹೊರಟುಬಿಟ್ರಲ್ಲ, ಸೋರೋದು ಅವರಿಗೂ ಗೊತ್ತಾಗಿರಬೇಕು” ಎಂದಿದ್ದಳು.

ಅಂಗಡಿ, ಅದರ ಹಿಂದಿನ ಎರಡು ಕೋಣೆ, ಎಲ್ಲವೂ ಮಾವನವರದು. ಮೀಸೆ ಮೂಡುವ ವಯಸ್ಸಿನಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಬಂದವನು ಹೊಲಿಗೆ ಕಲಿತ, ಗುರುವಿನ ಮಗಳನ್ನೇ ಮದುವೆಯಾದ, ಮನೆಯಳಿಯನಾಗಿ ಉಳಿದ. ಮಾವನವರು ಸೂಜಿಯನ್ನು ಅಳಿಯನಿಗೆ ಕೊಟ್ಟರು, ಕತ್ತರಿಯನ್ನು ಮಗಳಿಗೆ. “ಇವನ ಕೈ ಚೆನ್ನ, ಎದೆ ಮಾತ್ರ ಅಳ್ಳೆದೆ” ಎಂದು ಹೇಳಿಯೇ ಕೊಟ್ಟರು. ಅದು ಸುಳ್ಳಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ ಬಟ್ಟೆಗೆ ಎರಡನೇ ಮಾತಿಲ್ಲ. ಹೊಸ ಬಟ್ಟೆಯ ಮುಂದೆ ಕತ್ತರಿ ಹಿಡಿದರೆ ಅವನ ಅಂಗೈ ಬೆವರುತ್ತದೆ. ಆದ್ದರಿಂದ ಅವಳು ಕತ್ತರಿಸುತ್ತಾಳೆ, ಇವನು ಸೇರಿಸುತ್ತಾನೆ. ಸಂಸಾರವೂ ಅದೇ ಅಳತೆಯಲ್ಲಿ ನಡೆದುಬಂದಿದೆ. ಮಗಳ ಶಾಲೆಯಿಂದ ಹಿಡಿದು ಗೋಡೆಯ ಬಣ್ಣದವರೆಗೆ ತೀರ್ಮಾನ ಅವಳದು, ತಲೆಯಾಡಿಸುವುದು ಇವನದು.

ತನ್ನದಾಗಲಿ ಎಂದು ಅವನು ಆಸೆಪಟ್ಟದ್ದು ಎದುರಿನ ಮನೆಯೊಂದನ್ನೇ. ಅದರ ಒಡತಿ, ನಿವೃತ್ತರಾದ ಟೀಚರಮ್ಮ, ಮನೆ ಮಾರಿ ತಂಗಿಯ ಊರಿಗೆ ಹೋಗಿ ಇಸ್ಪೀಟು ಆಡಿಕೊಂಡಿರುತ್ತೇನೆ ಎಂದ ದಿನದಿಂದ ಇವನು ಅದನ್ನು ನೋಡಲು ಹೋಗುತ್ತಲೇ ಇದ್ದಾನೆ. ಗೋಡೆ ತಟ್ಟುತ್ತಾನೆ. ಮರದ ಮೆಟ್ಟಿಲನ್ನು ಸವರುತ್ತಾನೆ. “ಹಳೇ ಕಾಲದ ಕೋಟಿನ ಹಾಗೆ, ಟೀಚರಮ್ಮ. ಹೊಲಿಗೆ ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದಾರೆ. ಬಿಚ್ಚಿ ಹೊಲಿದರೆ ಇನ್ನೊಂದು ತಲೆಮಾರಿಗೆ ಬರುತ್ತೆ” ಎನ್ನುತ್ತಾನೆ. ಟೀ ಕುಡಿದು ವಾಪಸು ಬರುತ್ತಾನೆ. “ಒಂದು ಮನೆಗೆ ಅಳಿಯನಾಗಿದ್ದು ಸಾಲದೇನಪ್ಪ?” ಎಂದು ಬೀದಿಯವರು ನಗುತ್ತಾರೆ.

ಬೆಲೆಗೆ ಟೀಚರಮ್ಮ ಒಪ್ಪಿದ್ದರು. ಸಾಲಕ್ಕೆ ಬ್ಯಾಂಕು ಒಪ್ಪಿತ್ತು. ಇನ್ನು ಒಪ್ಪಬೇಕಾದವನು ಇವನೊಬ್ಬನೇ.

ಆ ದಿನ ಸಂಜೆ ಟೀಚರಮ್ಮ ಛತ್ರಿ ಊರಿಕೊಂಡು ಅಂಗಡಿಗೇ ಬಂದುಬಿಟ್ಟರು.

“ಏನು ಅಳಿಯಂದ್ರೇ, ನೀವು ನೋಡಿ ನೋಡಿ ಹುಡುಗಿಗೆ ಮುಪ್ಪು ಬಂತು. ಇನ್ನೇನು ಒಬ್ಬ ಕಂಟ್ರಾಕ್ಟರ್ ಬರ್ತಾನೆ. ಅವನಿಗೆ ಮನೆ ಬೇಡ, ಕೆಡವಿ ಜಾಗ ತಗೋತಾನಂತೆ. ನಂಗೆ ನಿಮಗೇ ಕೊಡೋಕಿಷ್ಟ. ಆದ್ರೆ ಅವನು ಬರೋದ್ರೊಳಗೆ ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ. ಅಲ್ಲಿ ತಂಗಿ ಇಸ್ಪೀಟೆಲೆ ಕಲಸಿಟ್ಕೊಂಡು ಕಾಯ್ತಿದ್ದಾಳೆ.”

“ಛಾವಣಿ ಒಂದನ್ನ ಇನ್ನೊಂದ್ಸಲ ನೋಡ್ಕೊಂಡು…”

“ನೀವು ಅದನ್ನ ನೋಡಿದಷ್ಟು ನಾನು ನಮ್ಮ ಯಜಮಾನ್ರ ಮುಖ ನೋಡಿರಲಿಲ್ಲ” ಎಂದು ಟೀಚರಮ್ಮ ರಸ್ತೆ ದಾಟಿಹೋದರು.

ದರ್ಜಿ ಹೆಂಡತಿಯ ಕಡೆ ತಿರುಗಿದ. “ಏನಂತೀಯೇ?”

“ನಾನೇನಂತೀನಿ?”

“ಅಲ್ಲ, ನೀನು ಹೂಂ ಅಂದ್ರೆ…”

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. “ನಾನು ಅನ್ನಲ್ಲ. ಹೂಂ ಅಂದ್ರೆ, ಸೋರಿದಾಗೆಲ್ಲ ‘ಇವಳೇ ಹೇಳಿದ್ಲು’ ಅಂತೀರಿ. ಊಹೂಂ ಅಂದ್ರೆ, ಇರೋ ತನಕ ಇಲ್ಲಿ ಕೂತು ನಿಟ್ಟುಸಿರು ಬಿಡ್ತೀರಿ. ಎರಡೂ ನನ್ನ ತಲೆಗೇ ಬರುತ್ತೆ. ಇದೊಂದಕ್ಕೆ ಕತ್ತರಿ ನೀವೇ ಹಾಕಿ.”

“ತಪ್ಪಿಹೋದ್ರೆ?”

“ತಪ್ಪಿದ್ರೆ ತಪ್ಪಿತು. ನಾನು ಎಷ್ಟು ಬಟ್ಟೆ ಕೆಡಿಸಿದೀನಿ ಅಂತ ಗೊತ್ತಾ? ನಮ್ಮ ದಿಂಬುಗಳಿಗೆಲ್ಲ ಕೋಟಿನ ಬಟ್ಟೆ ಯಾಕಿದೆ ಅಂದ್ಕೊಂಡಿದ್ರಿ?”

ಇಷ್ಟು ವರ್ಷ ಗೆರೆಗೆರೆಯ ಒಳ್ಳೆಯ ಉಣ್ಣೆಯ ಮೇಲೆ ತಲೆಯಿಟ್ಟು ಮಲಗಿದ್ದ ದರ್ಜಿ ಅದನ್ನು ಹೆಂಡತಿಯ ಶೋಕಿ ಎಂದೇ ತಿಳಿದಿದ್ದ.

“ಮಾವನವರಿಗೆ ಗೊತ್ತಿತ್ತಾ?”

“ಅಪ್ಪನ ದಿಂಬೂ ಅದೇ ಬಟ್ಟೇದು.”

ಅವನಿಗೆ ನಗು ಬಂತು. ನಗುತ್ತಲೇ ಎದ್ದು ನಿಂತ. ಹೊರಗೆ, ಬೀದಿಯ ಕೊನೆಯಲ್ಲಿ, ಕಂಟ್ರಾಕ್ಟರನ ಜೀಪು ತಿರುಗುತ್ತಿತ್ತು.

“ಆ ಮನೆ ಅಡುಗೆಕೋಣೆ ಬರೀ ಕತ್ತಲೆ,” ಹೆಂಡತಿ ಮತ್ತೆ ಸೀಮೆಸುಣ್ಣ ಕೈಗೆತ್ತಿಕೊಂಡಿದ್ದಳು. “ನಾನು ನೋಡಿಲ್ಲ ಅಂದ್ಕೋಬೇಡಿ. ಹಿಂದಿನ ಗೋಡೆಗೆ ಒಂದು ಕಿಟಕಿ ಆಗಬೇಕು. ನಲ್ಲಿ ಎತ್ತರಕ್ಕೆ ಹಾಕಿಸಬೇಕು, ನಂಗೆ ಬಗ್ಗೋಕಾಗಲ್ಲ. ಮಹಡಿ ಮೆಟ್ಟಿಲು ಮಾತ್ರ ದಿನಾ ನಾನು ಗುಡಿಸಲ್ಲ, ಈಗ್ಲೇ ಹೇಳಿದೀನಿ. ಅದು ನಿಮ್ಮ ಪಾಲು. ರೀ, ಕೇಳಿಸ್ತಾ? ರೀ…”

ದರ್ಜಿ ಆಗಲೇ ರಸ್ತೆಯ ನಡುವೆ ಇದ್ದ. ಜೀಪಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ತಾನು ಮೊದಲು ದಾಟಿದ.