ತಿರಿಂಗೋಳ ಒಲೆ, ಗಾಶೆಯ ಉಪವಾಸ

ಡೆಬ್ರೆ ಮಾರ್ಕೋಸ್ ಊರಿನ ಆಗಸ್ಟ್ ಮಳೆಯಲ್ಲಿ ನೀಲಗಿರಿ ಸೌದೆ ಒಣಗುವುದೆಂಬುದೇ ಇಲ್ಲ. ಇಗರ್ಜಿಯಲ್ಲಿ ಬೆಳಗಿನ ಪ್ರಾರ್ಥನೆ ಶುರುವಾಗಿದೆ, ಇನ್ನೂ ಬೆಳಕು ಹರಿದಿಲ್ಲ. ತಿರಿಂಗೋ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುತ್ತಾಳೆ, ಕೆಮ್ಮುತ್ತಾಳೆ, ಕಣ್ಣೊರೆಸಿಕೊಂಡು ಮತ್ತೆ ಊದುತ್ತಾಳೆ. ಅಂತೂ ಬೆಂಕಿ ಹತ್ತುತ್ತದೆ. ಅಗಲವಾದ ಮಣ್ಣಿನ ಹಂಚು ಕಾದ ಮೇಲೆ ಅದರ ಮೇಲೆ ಸಾಸಿವೆ ಪುಡಿ ಉದುರಿಸಿ ಬಟ್ಟೆಯಿಂದ ಉಜ್ಜುತ್ತಾಳೆ. ಟೆಫ್ ಎಂಬ ಸಣ್ಣ ಕಾಳಿನ ಹುಳಿ ಬಂದ ಹಿಟ್ಟನ್ನು ಅಂಚಿನಿಂದ ಒಳಕ್ಕೆ ಸುರುಳಿ ಸುತ್ತುತ್ತಾ ಹೊಯ್ಯುತ್ತಾಳೆ. ನೋಡುತ್ತಿದ್ದಂತೆ ದೋಸೆಯಂಥ ಇಂಜೆರಾದ ಮೈತುಂಬ ಸಣ್ಣ ಸಣ್ಣ ತೂತುಗಳು ತೆರೆದುಕೊಳ್ಳುತ್ತವೆ. ಇಲ್ಲಿನವರು ಅವನ್ನು ಕಣ್ಣು ಎನ್ನುತ್ತಾರೆ. ಕಣ್ಣು ಹೆಚ್ಚಿದ್ದಷ್ಟೂ ಇಂಜೆರಾ ಒಳ್ಳೆಯದು.

"ನನ್ನ ಇಂಜೆರಾಕ್ಕ ಕಣ್ಣು ಜಾಸ್ತಿ ಅಂತ ಮೊದಲು ಹೊಗಳಾಕ ಹೇಳ್ತಿದ್ರು, ಈಗ ಹೆದರಿಸಾಕ ಹೇಳ್ತಾರ," ಎಂದು ಹಂಚಿಗೆ ಮುಚ್ಚಳ ಹಾಕುತ್ತಾಳೆ. ನಗುವುದಿಲ್ಲ.

ಹಿಂದೆಲ್ಲ ಈ ಹೊತ್ತಿಗೆ ಅವಳ ಪಕ್ಕದ ಬುಟ್ಟಿಯಲ್ಲಿ ಇಂಜೆರಾ ಸೊಂಟದೆತ್ತರಕ್ಕೆ ಏರಿರುತ್ತಿತ್ತು. ಇವತ್ತು ಬುಟ್ಟಿಯ ತಳ ಮುಚ್ಚುವಷ್ಟಿದೆ. ಈ ಓಣಿಯಲ್ಲಿ ಬಾಡಿಗೆಗಿರುವ ನಾನು ಬರೆದುಕೊಳ್ಳುತ್ತಾ, ಯಾರಿಗೆ ಎಂದು ಕೇಳಿದರೆ, "ನನಗ. ಉಳಿದಿದ್ದು ಇಗರ್ಜಿ ಬಾಗಿಲದಾಗ ಕೂಡೋ ಭಿಕ್ಷುಕರಿಗೆ. ಅವ್ರು ಕೈ ನೋಡಂಗಿಲ್ರಿ, ಹೊಟ್ಟಿ ನೋಡ್ಕೋತಾರ," ಎನ್ನುತ್ತಾಳೆ.

ಇದು ಫಿಲ್ಸೆತಾ ಉಪವಾಸದ ಕಾಲ. ಚಿಕ್ಕ ಮಕ್ಕಳೂ ಹಟ ಹಿಡಿದು ಮಾಡುವ ಉಪವಾಸ. ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ, ಮಾಂಸವಂತೂ ಇಲ್ಲವೇ ಇಲ್ಲ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಈಗ ವೀಗನ್ ಎಂದು ಬಣ್ಣದ ಚಿತ್ರ ಹಾಕಿ ಬರೆಯುತ್ತಾರಲ್ಲ, ಆ ಊಟ. ಇಲ್ಲಿ ಅದಕ್ಕೆ ಉಪವಾಸದೂಟ ಎಂದಷ್ಟೇ ಹೆಸರು, ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಮನೆ ಮನೆಯಲ್ಲಿ ಅದೇ ಊಟ. ಆದರೆ ಎಲ್ಲರ ಮನೆಯದೂ ತಿರಿಂಗೋಳ ಮನೆಯಂತಾಗುವುದಿಲ್ಲ. ಅವಳು ಕುಸುಬೆಯನ್ನು ಬೇಯಿಸಿ, ಕುಟ್ಟಿ, ಹಾಲು ಹಿಂಡಿ, ಶುಂಠಿ, ಹಸಿಮೆಣಸಿನಕಾಯಿ ಹಾಕಿ ಅದರಲ್ಲಿ ಇಂಜೆರಾ ಚೂರುಗಳನ್ನು ನೆನೆಸಿಟ್ಟರೆ ಬಿಸಿಲಲ್ಲಿ ನಡೆದು ಬಂದವನ ಜೀವ ತಣ್ಣಗಾಗುತ್ತದೆ. ಗುರೆಳ್ಳು ಹುರಿದು ಉಂಡೆ ಕಟ್ಟುತ್ತಾಳೆ. ಕಡಲೆ ಹಿಟ್ಟನ್ನು ಮೀನಿನ ಆಕಾರಕ್ಕೆ ತಟ್ಟಿ, ಕರಿದು, ಕೆಂಪು ಬೆರ್ಬೆರೆ ಖಾರದ ಗೊಜ್ಜಿನಲ್ಲಿ ಬಿಡುತ್ತಾಳೆ. ಇನ್ನು ಅವಳ ಶಿರೋ. ಕಡಲೆ, ಬಟಾಣಿ ಹುರಿದ ಹಿಟ್ಟಿನಿಂದ ಮಾಡುವ ಈ ಗಟ್ಟಿ ಸಾರನ್ನು ಸಣ್ಣ ಉರಿಯಲ್ಲಿ ಅದು ಗುಳುಗುಳು ಮಾತಾಡುವ ತನಕ ಕಾಯಿಸುತ್ತಾಳೆ. ಕಳೆದ ಹುದಾದೆಯವರೆಗೆ, ಅಂದರೆ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದವರೆಗೆ, ನಮ್ಮ ಓಣಿಯ ಅರ್ಧ ಮನೆಗಳು ಅವಳ ಒಲೆಯನ್ನೇ ನಂಬಿದ್ದವು.

ಅವಳು ಹುಟ್ಟಿದ್ದು ಊರ ಕೆಳಗೆ ಹೊಳೆದಂಡೆಯ ಕುಂಬಾರರ ಕೇರಿಯಲ್ಲಿ. ಊರಿನ ಹಂಚು, ಗಡಿಗೆ, ಕಾಫಿ ಕಾಸುವ ಹೂಜಿ ಎಲ್ಲ ಬರುವುದು ಅಲ್ಲಿಂದಲೇ. ಆದರೆ ಅವರ ಕೈಯ ನೀರು ಯಾರೂ ಕುಡಿಯುವುದಿಲ್ಲ. ಅವರು ಬೂದಾ, ಕೆಟ್ಟ ಕಣ್ಣಿನವರು, ನೋಡಿದರೆ ಸಾಕು ಮನುಷ್ಯನನ್ನು ಒಳಗೊಳಗೇ ತಿಂದು ಹಾಕುತ್ತಾರೆ ಎಂದು ಇಲ್ಲಿ ತೊಟ್ಟಿಲ ಮಗುವಿಗೂ ಕಲಿಸುತ್ತಾರೆ. ಲಾರಿ ಹಮಾಲಿ ಮಾಡುತ್ತಿದ್ದ ಗಂಡ ಇವಳನ್ನು ಕಟ್ಟಿಕೊಂಡು ನಮ್ಮ ಓಣಿಗೆ ಬಂದಾಗ, ಇವಳು ದೂರದ ಗೊಂಡಾರ್ ಕಡೆಯವಳು ಎಂದು ಹೇಳಿದ್ದ. ಒಂದು ಸಂತೆಯ ದಿನ ಅದು ಬಯಲಾಯಿತು. ಬಯಲು ಮಾಡಿದವಳು ತಿರಿಂಗೋಳೇ.

"ಅವ್ವ ಗಡಿಗಿ ಹೊರಿ ಬೆನ್ನಿಗೆ ಕಟ್ಟಿಕೊಂಡು ಏರು ಹತ್ತಿ ಬರಾಕತ್ತಿದ್ಲು. ನಾ ಬಾಗಿಲದಾಗ ನಿಂತಿದ್ದೆ. ಆಕಿ ನನ್ನ ನೋಡಿ, ಗುರುತಾ ಇಲ್ಲದವ್ರಂಗ ಮಾರಿ ತಿರುಗಿಸಿದ್ಲು, ನನ್ನ ಸಂಸಾರ ಉಳೀಲಿ ಅಂತ. ನೋಡ್ಕೋತ ಹ್ಯಾಂಗ ನಿಂದರ್ಲಿ? ಓಡಿ ಹೋಗಿ ಹೊರಿ ಇಳಿಸಿದೆ. ಮರುದಿನದಿಂದ ಯಾರೂ ನನಗ ಹೆಪ್ಪು ಕೊಡ್ಲಿಲ್ಲ."

ಹೆಪ್ಪೆಂದರೆ ಇಂಜೆರಾ ಹಿಟ್ಟನ್ನು ಹುಳಿಸುವ ಹಳದಿ ನೀರು. ಒಂದು ಮನೆಯಲ್ಲಿ ಕೆಟ್ಟರೆ ಇನ್ನೊಂದು ಮನೆಯಿಂದ ತರುವುದು ಪದ್ಧತಿ. ಅದೂ ಇಲ್ಲದೆ ಇವಳು ಸಪ್ಪೆ ರೊಟ್ಟಿ ತಟ್ಟಿಕೊಂಡು ದಿನ ದೂಡಿದಳು. ಅಷ್ಟರಲ್ಲಿ ಲಾರಿ ಮಗುಚಿ ಗಂಡ ಸತ್ತ. ಓಣಿಯ ಈದಿರ್, ಅಂದರೆ ಸಾವಿನ ಮನೆಗೆ ಗುಡಾರ ಹಾಕಿ, ಅಡುಗೆ ಮಾಡಿ, ದುಃಖದವರ ಜೊತೆ ಕೂತು ಉಣ್ಣುವ ಸಂಘ, ಗುಡಾರವನ್ನೇನೋ ಹಾಕಿತು. ಜನ ಬಂದು ಬೆಂಚಿನ ಮೇಲೆ ಕೂತರು. ಇವಳು ಬೇಯಿಸಿದ ಕಾಳು ಹಾಗೇ ಆರುತ್ತಿತ್ತು, ಯಾರೂ ಮುಟ್ಟಲಿಲ್ಲ.

ಆಗ ಎದ್ದವರು ಗಾಶೆ ಅಲೆಮ್ನೆ. ಓಣಿಯ ಹಿಟ್ಟಿನ ಗಿರಣಿಯವರು, ಈದಿರ್‌ನ ಹಿರಿಯರು. ಗಾಶೆ ಎಂದರೆ ಇಲ್ಲಿ ದೊಡ್ಡ ಗಂಡಸನ್ನು ಮನೆಯವನೆಂಬಂತೆ ಕರೆಯುವ ಮಾತು. ಅವರು ತಿರಿಂಗೋಳ ಮುಂದೆ ಹೋಗಿ ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದು ನಿಂತರು. ಪ್ರೀತಿಯಿದ್ದವರಿಗೆ ಕೈತುತ್ತು ಕೊಡುವುದು ಇಲ್ಲಿನ ರೂಢಿ. ಕೇಳಿ ಪಡೆಯುವುದನ್ನು ಯಾರೂ ಕಂಡಿರಲಿಲ್ಲ. ಅವಳು ಕೊಟ್ಟ ತುತ್ತಿನಲ್ಲಿ ಅರ್ಧ ಕಾಳು ಅವರ ಗಡ್ಡಕ್ಕೆ ಬಿತ್ತು. ಅಗಿಯುತ್ತಾ ಜನರ ಕಡೆ ತಿರುಗಿ, "ಸಾಯೋದಾದ್ರ ಉಪ್ಪು ಸರಿ ಇದ್ದದ್ದನ್ನ ತಿಂದು ಸಾಯ್ತೀನಿ, ನೀವು ಹಸಗೊಂಡು ಕೂಡ್ರಿ," ಎಂದರಂತೆ. ಮೊದಲು ಅವರ ಹೆಂಡತಿ ಉಂಡಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು.

ಮರುದಿನ ಗಾಶೆ ಹೆಪ್ಪಿನ ಮಗೆಯನ್ನು ತಾವೇ ಹಿಡಿದುಕೊಂಡು ಓಣಿಯುದ್ದಕ್ಕೂ ನಡೆದು ಬಂದರು. ಗಂಡಸು ಅಡುಗೆಮನೆಯ ಮಗೆ ಹಿಡಿದರೆ ಇಲ್ಲಿ ನಾಯಿಯೂ ನಗುತ್ತದೆ. ಗಿರಣಿಯಲ್ಲಿ ಇವಳ ಕಾಳಿನ ಬೆನ್ನಿಗೆ ತಮ್ಮದನ್ನು ಹಾಕಿಸಲು ಹೆಂಗಸರು ಹಿಂಜರಿದರು. ಗಾಶೆ ಇವಳ ಚೀಲವನ್ನೇ ಮೊದಲು ಸುರಿದು, ಅದರ ಹಿಂದೆಯೇ ತಮ್ಮ ಮನೆಯ ಟೆಫ್ ಸುರಿದರು. ಮುಂದಿನ ಸಾವಿನ ಮನೆಯಲ್ಲಿ ಶಿರೋದ ದೊಡ್ಡ ಪಾತ್ರೆ ಇವಳ ಪಾಲಿಗೆ ಬಂತು. ಹಾಗೆ ಶುರುವಾದ ಅಡುಗೆ ಇವಳ ಅನ್ನವಾಯಿತು.

ಗಾಶೆಯ ಹೆಂಡತಿ ತೀರಿಕೊಂಡ ಮೇಲೆ ಉಪವಾಸದ ದಿನಗಳಲ್ಲಿ ತಿರಿಂಗೋಳ ಮೊದಲ ತಟ್ಟೆ ಅವರಿಗೆ. ಅದಕ್ಕೆ ಪ್ರತಿಫಲವಾಗಿ ಅವರು ಕೊಡುತ್ತಿದ್ದದ್ದು ಬೈಗುಳ. ಉಪ್ಪು ಕಡಿಮೆಯಾದರೆ, ಉಪ್ಪು ಯಾರ ಮದುವೆಗೆ ಹೋಗಿದೆ ಎಂದು ಕೇಳುವುದು. ಖಾರ ಹೆಚ್ಚಾದರೆ, ತನ್ನ ಆಸ್ತಿಗೆ ಇವಳು ಕಣ್ಣಿಟ್ಟಿದ್ದಾಳೆ ಎಂದು ಗೋಡೆಗೆ ದೂರು ಹೇಳುವುದು. ಅವಳೂ ಬಿಡುತ್ತಿರಲಿಲ್ಲ. ಹಲ್ಲಿಲ್ಲದವರಿಗೆ ರುಚಿಯ ಮಾತು ಯಾಕೆ ಎನ್ನುತ್ತಿದ್ದಳು.

ಕಳೆದ ಹುದಾದೆ ಶುರುವಾದಾಗ ಗಾಶೆಯ ಹಳೆಯ ಎದೆರೋಗ ತಿರುಗಿ ಬಂತು. ಔಷಧಿಗಿಂತ ಮೊದಲು ಮೈಗೆ ಕಸುವು ಬೇಕು, ಮೊಟ್ಟೆ, ಹಾಲು, ಮಾಂಸದ ಸಾರು ಕೊಡಿ ಎಂದರು ಡಾಕ್ಟರು. ಗಾಶೆಯ ಪಾಪನಿವೇದನೆ ಕೇಳುವ ಪಾದ್ರಿ ಆಬಾ ಗೆಲಾವ್ ಮನೆಗೇ ಬಂದು, ರೋಗಿಗೆ ಉಪವಾಸದ ಕಟ್ಟಿಲ್ಲ, ನಾನೇ ಬಿಡಿಸಿದ್ದೇನೆ ಎಂದು ತಲೆಯ ಮೇಲೆ ಶಿಲುಬೆ ಇಟ್ಟು ಹೇಳಿದರು. ಗಾಶೆ ಶಿಲುಬೆಗೆ ಮುತ್ತಿಟ್ಟರು, ಮೊಟ್ಟೆ ಮುಟ್ಟಲಿಲ್ಲ. ಸಣ್ಣ ಹುಡುಗನಾಗಿದ್ದಾಗಿನಿಂದ ಬಿಡದ್ದನ್ನು ಈಗ ಕೊನೆಯ ಬಾಗಿಲ ಹತ್ತಿರ ಬಂದು ಬಿಡಲೇ ಎಂದು ಕೇಳಿದರು. ತಿರಿಂಗೋ ಕುಸುಬೆ ಹಾಲನ್ನು ಗಟ್ಟಿಯಾಗಿ ಹಿಂಡಿದಳು. ಶೇಂಗಾ ಅರೆದಳು, ಅಗಸೆ ಕಾಸಿದಳು, ಗುರೆಳ್ಳಿನ ಉಂಡೆಯನ್ನು ಪುಡಿ ಮಾಡಿ ನೆಕ್ಕಿಸಿದಳು. ಅವರು ಎರಡು ತುತ್ತು ಉಂಡು ಮಲಗುತ್ತಿದ್ದರು. ದಿನದಿಂದ ದಿನಕ್ಕೆ ಹೊದಿಕೆಯೊಳಗೆ ಮನುಷ್ಯ ಕಡಿಮೆಯಾದರು.

ಒಂದು ಬೆಳಗ್ಗೆ ಗಾಶೆಯ ಮಗಳು ಬೊಸೆನಾ ಮುಚ್ಚಳದ ಡಬ್ಬಿಯೊಂದನ್ನು ಶಾಲಿನೊಳಗೆ ಮುಚ್ಚಿಕೊಂಡು ತಿರಿಂಗೋಳ ಅಡುಗೆಮನೆಗೆ ಬಂದಳು. ಜವಳಿ ಅಂಗಡಿ ನಡೆಸುವ ಗಟ್ಟಿ ಹೆಂಗಸು, ಅಪ್ಪನೊಂದಿಗೇ ಇದ್ದು ನೋಡಿಕೊಳ್ಳುತ್ತಿದ್ದವಳು. ಅವತ್ತು ಒಲೆಯ ಪಕ್ಕ ಬರಿ ನೆಲದ ಮೇಲೇ ಕೂತಳು.

"ಎತಿಯೆ," ಎಂದಳು, ಅಕ್ಕಾ ಎಂದು. "ಎಲುಬಿನ ಸಾರು ಸೋಸಿ ತಂದೀನಿ, ಜಿಡ್ಡೆಲ್ಲಾ ತಗದೀನಿ. ನಿನ್ನ ಶಿರೋದಾಗ ಹಾಕು. ಆ ಖಾರದಾಗ ಅಪ್ಪಗ ಗೊತ್ತಾಗಂಗಿಲ್ಲ. ನನ್ನ ಕೈಯಾಗಾದ್ರ ಮೂಸಿ ನೋಡ್ತಾನ, ನಿನ್ನ ಕೈಯಾಗ ಕಣ್ಣು ಮುಚ್ಚಿ ಉಣ್ತಾನ."

ಬೊಸೆನಾ ಹೋದ ಮೇಲೆ ತಿರಿಂಗೋ ಡಬ್ಬಿ ತೆರೆದಳು. ಮುಂದಿನದನ್ನು ಅವಳ ಮಾತಿನಲ್ಲೇ ಕೇಳಬೇಕು.

"ಚಮಚ ಅದ್ದಿ ಎತ್ತಿದೆ. ಸುಳ್ಳು ಯಾಕ ಹೇಳ್ಲಿ, ಎತ್ತಿದೆ. ಅವ್ರು ಬದುಕಿದ್ರ ಸಾಕಾಗಿತ್ತು ನನಗ. ಆದ್ರ ನಮ್ಮವ್ವನ ಕಾಲದಿಂದ ಜನ ನಮಗ ಅಂದಿದ್ದು ಇದನ್ನ ಅಲ್ಲೇನ್ರಿ? ಇವ್ರು ಊಟದಾಗ ಏನರೆ ಹಾಕ್ತಾರ ಅಂತ. ಅದು ಸುಳ್ಳು ಅಂತ ನಂಬಿ ಬಾಯಿ ತಗದವ್ರು ಒಬ್ರ. ಅವ್ರ ಬಾಯಿಗೇ ಹಾಕ್ಲೇನು?"

ಹಾಕಲಿಲ್ಲ. ಶಿರೋದ ತಟ್ಟೆ, ಸಾರಿನ ಡಬ್ಬಿ ಎರಡನ್ನೂ ಗಾಶೆಯ ಮುಂದಿಟ್ಟು, ಈ ಡಬ್ಬಿಯಲ್ಲಿ ಮಾಂಸದ ಸಾರಿದೆ, ಪಾದ್ರಿಗಳೂ ಒಪ್ಪಿದ್ದಾರೆ, ನಿಮ್ಮ ಅಪ್ಪಣೆಯಾದರೆ ಶಿರೋಗೆ ಹಾಕುತ್ತೇನೆ ಎಂದಳು. ತಾನು ಎದುರಿಗೆ ಕೇಳಿಕೊಂಡರೆ ಅವರು ಇಲ್ಲ ಎನ್ನಲಾರರು ಎಂದು ನಂಬಿದ್ದಳು. ತಪ್ಪಿದ್ದು ಅಲ್ಲಿ. ಗಾಶೆ ಸಾರಿನ ವಿಷಯ ಮಾತಾಡಲೇ ಇಲ್ಲ. ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಆ ಪ್ರಶ್ನೆ ಬರುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹೆಸರು ಹೇಳದೆ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ತಮ್ಮ ಮನೆಯ ಡಬ್ಬಿ ಗಾಶೆಗೆ ಗುರುತಾಗದೆ ಇರುತ್ತದೆಯೇ. ಮಗಳು ಅದನ್ನು ಕದ್ದುಮುಚ್ಚಿ ಇವಳ ಕೈಗೆ ಕೊಟ್ಟದ್ದು ಯಾಕೆಂದೂ ಅವರಿಗೆ ತಿಳಿಯಿತು.

ಅವತ್ತಿನಿಂದ ಗಾಶೆ ಮಗಳ ಕೈಯಿಂದ ನೀರನ್ನೂ ಕುಡಿಯಲಿಲ್ಲ. ತಿರಿಂಗೋ ಕಾಲಿಗೆ ಬಿದ್ದು, ಮಗಳು ಪ್ರೀತಿಯಿಂದ ಮಾಡಿದ್ದಲ್ಲವೇ ಎಂದು ಅತ್ತಳು. ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಅಂಗಳದಲ್ಲಿ ಬೊಸೆನಾ ಓಣಿಗೆಲ್ಲ ಕೇಳುವಂತೆ ಅತ್ತದ್ದು ಇನ್ನೂ ನಮ್ಮ ಕಿವಿಯಲ್ಲಿದೆ. "ಹಾಕಾಕ ಮನಸ್ಸಿಲ್ಲಾಂದ್ರ ಚೆಲ್ಲಬೇಕಿತ್ತು. ಹೇಳೋದ್ಯಾಕ ಬೇಕಿತ್ತು ನಿನಗ?"

ಹೊಸಾನ್ನ, ಅಂದರೆ ಈಸ್ಟರ್‌ನ ಹಿಂದಿನ ಭಾನುವಾರದ ಹಬ್ಬಕ್ಕೆ ಕೆಲವೇ ದಿನ ಉಳಿದಿದ್ದಾಗ ಗಾಶೆ ಹೋದರು. ಇಗರ್ಜಿಯ ಪೂಜೆ ಮುಗಿದ ಮೇಲೆ ತಿರಿಂಗೋಳ ಕೈಯಿಂದ ಕುಸುಬೆ ಹಾಲಿನಲ್ಲಿ ನೆನೆದ ಇಂಜೆರಾ ತಿಂದರು, ಒರಗಿದರು, ಮತ್ತೆ ಏಳಲಿಲ್ಲ. ಸಂಜೆಯೊಳಗೆ ಓಣಿ ತನ್ನ ತೀರ್ಪು ಹೇಳಿಯಾಗಿತ್ತು. ಇಷ್ಟು ವರ್ಷ ಇವಳ ಶಿರೋ ಇಲ್ಲದೆ ಊಟಕ್ಕೆ ಕೂರದಿದ್ದ ಎಮಾಮಾ ತೆವಾಬೆಚ್ ಎಂಬ ಮುದುಕಿಯೇ ಮೊದಲು ಬಾಯಿಬಿಟ್ಟಿದ್ದು. "ಮೊದಲನೇ ತುತ್ತೂ ಆಕೀನ ಕೊಟ್ಲು, ಕಡೇ ತುತ್ತೂ ಆಕೀನ ಕೊಟ್ಲು. ನಡುವ ಎಷ್ಟು ತಿಂದ್ಲೋ ಅಂವನ್ನ, ಯಾರಿಗ್ಗೊತ್ತು." ಸಾರಿನ ಕಥೆ ಎಲ್ಲರಿಗೂ ಗೊತ್ತಿತ್ತು. ಹಾಕಿದ್ದರೆ ಮೈಲಿಗೆ ಉಣಿಸಿದಳು ಎನ್ನುತ್ತಿದ್ದರು. ಹಾಕಲಿಲ್ಲವಾದ್ದರಿಂದ, ಮುದುಕ ಚೇತರಿಸಿಕೊಳ್ಳಬಾರದೆಂದೇ ಹಾಕಲಿಲ್ಲ ಎಂದರು.

ಸಾವಿನ ಗುಡಾರದ ಹಿಂದೆ ಒಲೆ ಹೂಡಿದಾಗ ತಿರಿಂಗೋ ತನ್ನ ಸೌಟು ತಗೊಂಡು ಹೋದಳು. ಯಾರೂ ಜಗಳಾಡಲಿಲ್ಲ. ಒಬ್ಬಾಕೆ ಮೆಲ್ಲಗೆ ಸೌಟು ಬಿಡಿಸಿಕೊಂಡು, ನಿನಗೆ ದಣಿವಾಗಿದೆ, ನೀರು ತರುತ್ತೀಯಾ ಎಂದಳು. ತಂದಳು. ಅವಳು ತಂದ ನೀರನ್ನು ಕಾಲು ತೊಳೆಯಲು ಇಟ್ಟರು.

ಆಬಾ ಗೆಲಾವ್ ಒಂದು ಭಾನುವಾರ ಈ ಬೂದಾ ಮಾತೆಲ್ಲ ಪಾಪ ಎಂದು ಬೈದರು. ಜನ ತಲೆತಗ್ಗಿಸಿ ಕೇಳಿದರು, ಶಿಲುಬೆಗೆ ಮುತ್ತಿಟ್ಟರು, ಅವಳ ಮನೆಯ ಮುಂದೆ ಹಾಯದ ಇನ್ನೊಂದು ದಾರಿಯಲ್ಲಿ ಮನೆಗೆ ಹೋದರು. ಗಿರಣಿಗೆ ಈಗ ಬೇರೆಯವರು ಬಂದಿದ್ದಾರೆ. ಇವಳ ಚೀಲ ಎಲ್ಲರದ್ದೂ ಆದ ಮೇಲೆ.

ಬೊಸೆನಾ ಒಂದು ಮಾತು ಹೇಳಿದರೆ ಓಣಿ ಅರ್ಧ ತಣ್ಣಗಾಗುತ್ತದೆ. ಅಂಗಡಿಗೆ ಹೋಗಿ ಅದನ್ನೇ ಕೇಳಿದರೆ ಅವಳು ಬಟ್ಟೆ ಮಡಚುತ್ತಾಳೆ, ಅಂಚು ಕೂಡಿಸಿ ಮತ್ತೆ ಮಡಚುತ್ತಾಳೆ. ಆಮೇಲೆ, "ಆಕಿ ಏನೂ ಮಾಡಿಲ್ಲ. ನನಗ ಗೊತ್ತೈತಿ. ಆದ್ರ ಆಕಿ ಮಾರಿ ಕಂಡ್ರ ಸಾಕು, ಅಪ್ಪ ನನ್ನ ಲೋಟ ದೂಡಿದ್ದು ಕಣ್ಣ ಮುಂದ ಬರ್ತೈತಿ. ಅದನ್ನ ಹತ್ತು ಮಂದಿ ಮುಂದ ನಿಂತು ಹ್ಯಾಂಗ ಹೇಳ್ಲಿ?" ಎನ್ನುತ್ತಾಳೆ.

ಈ ಮಾತನ್ನು ಮುಟ್ಟಿಸಿದರೆ ತಿರಿಂಗೋಳಿಗೆ ಸಿಟ್ಟಿಲ್ಲ. "ಆಕಿಗೆ ಅಪ್ಪ ಹೋಗ್ಯಾನ್ರಿ. ನನಗೂ ಅಪ್ಪನ. ಆದ್ರ ಆಕಿಗೆ ಅಳಾಕ ಅಂಗಳ ಐತಿ, ನನಗಿಲ್ಲ."

ಹೊಳೆದಂಡೆಯಲ್ಲಿರುವ ತಂಗಿ ಮಳೆಗಾಲ ಮುಗಿದ ಮೇಲೆ ಬಂದುಬಿಡು, ಗಡಿಗೆ ಮಾಡೋಣ ಎಂದು ಹೇಳಿ ಕಳಿಸಿದ್ದಾಳೆ. ಹೋಗುವುದೇ ಸೈ ಎನಿಸುತ್ತದೆ. ಆದರೆ ಗಾಶೆಯ ವರ್ಷದ ತಿಥಿ ಬರುವ ಹುದಾದೆಯಲ್ಲೇ ಬೀಳುತ್ತದೆ, ಅವತ್ತು ಉಪವಾಸದೂಟವನ್ನೇ ಬಡಿಸಬೇಕು. ಒಂದೇ ಒಂದು ಪಾತ್ರೆ ಶಿರೋ ಮಾಡಿಕೊಡುವ ಆಸೆ ಅವಳಿಗೆ. ಯಾರು ಮಾಡಿದ್ದೆಂದು ಹೇಳದಿದ್ದರೂ ನಡೆದೀತು ಎಂದು ಯಾರೋ ಸಲಹೆ ಕೊಟ್ಟರಂತೆ. ಅದಾಗದು ಎಂದಳಂತೆ.

ಕೊನೆಯ ಇಂಜೆರಾ ಎತ್ತಿ, ಉರಿ ಹಿಂದಕ್ಕೆಳೆದು, ಬೂದಿ ಮುಚ್ಚುತ್ತಾಳೆ. ಹೊರಗೆ ಮಳೆ ಜೋರಾಗಿದೆ.

"ಬೊಸೆನಾ ತಂದಿದ್ದು ಹಾಕಿದ್ರ ಬದುಕ್ತಿದ್ರೋ ಏನೋ. ದಿನಾ ಕೇಳ್ಕೋತೀನಿ, ತಿಳಿಯಂಗಿಲ್ಲ. ತಿಳಿಯೋದೂ ಇಲ್ಲ ಬಿಡ್ರಿ," ಎನ್ನುತ್ತಾಳೆ. ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಾಳೆ. "ಅವ್ರು ಉಂಡಿದ್ದರಾಗ ಅವ್ರಿಗೆ ಗೊತ್ತಿಲ್ದಿದ್ದು ಏನೂ ಇರ್ಲಿಲ್ಲ. ಅಷ್ಟು ಬರಕೋರಿ."