ತಾಶಿಯ ಹೆಸರಿನ ಸ್ವೆಟರ್

ಜನವರಿಯ ಒಂದು ಶನಿವಾರ ಬೆಳಿಗ್ಗೆ ಏಳೂವರೆಗೆ ಕುಷ್ಟಗಿಯಲ್ಲಿ ಗಂಗಾವತಿಯ ಬಸ್ಸು ಹತ್ತಿದೆವು. ನಾವು ಎಂದರೆ ನಾನು, ಪೇಮಾ ಮತ್ತು ಪೇಮಾಳ ಸ್ವೆಟರುಗಳ ಎರಡು ಗಂಟು. ನಮ್ಮಿಬ್ಬರಿಗೆ ತಲಾ ಇಪ್ಪತ್ತೆರಡು ರೂಪಾಯಿ ಟಿಕೆಟ್ ಆಯಿತು. ಗಂಟುಗಳಿಗೂ ಲಗೇಜು ಕೊಡಬೇಕೆಂದು ಕಂಡಕ್ಟರ್ ಪಟ್ಟು ಹಿಡಿದ. ಒಂದನ್ನು ನಾನು, ಒಂದನ್ನು ಪೇಮಾ ತೊಡೆಯ ಮೇಲೆ ಇಟ್ಟುಕೊಂಡು ಕೂತೆವು. ಅವನಿಗೆ ನಮ್ಮ ಮುಖವೇ ಕಾಣದಂತಾಗಿ, ಬೇಸತ್ತು ಮುಂದೆ ಹೋದ.

ನಾನು ಕುಷ್ಟಗಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂಡುವವಳು. ಪೇಮಾ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನವಳು. ಚಳಿಗಾಲದ ಮೂರು ತಿಂಗಳು ನಮ್ಮ ಬಸ್ ನಿಲ್ದಾಣದ ಎದುರಿನ ಗೋಡೆಗೆ ಹಗ್ಗ ಕಟ್ಟಿ ಸ್ವೆಟರ್ ಮಾರುತ್ತಾಳೆ, ಅವರ ಹೊಸ ವರ್ಷದ ಹಬ್ಬಕ್ಕೆ ಊರಿಗೆ ಹೋಗುತ್ತಾಳೆ. ಹದಿನೈದು ವರ್ಷದಿಂದ ಮನಿಯಾರ್ಡರ್ ಮಾಡಲು ನನ್ನ ಕಿಟಕಿಗೆ ಬರುತ್ತಿದ್ದವಳು, ಈ ಸಲ ಬೇರೆ ಕೆಲಸಕ್ಕೆ ಬಂದಳು. ಹಂಪಿಯ ಎದುರು ದಂಡೆಯ ವಿರೂಪಾಪುರಗಡ್ಡೆಯಲ್ಲಿ ಬೀಡುಬಿಟ್ಟಿದ್ದ ವಿದೇಶಿ ಹುಡುಗರು ಟಿಬೆಟ್ಟಿನ ಸ್ವಾತಂತ್ರ್ಯಕ್ಕಾಗಿ ರಾಕ್ ಸಂಗೀತದ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಮೆರಿಕದಲ್ಲಿ ಮೈದಾನ ತುಂಬ ಜನ ಸೇರಿಸಿ ಇಂಥವು ನಡೆದಿದ್ದವಂತೆ, ಇದು ಅದರ ಮರಿ. ಕೂಡಿದ ಹಣ ಹೊಸದಾಗಿ ಗಡಿ ದಾಟಿ ಬಂದ ನಿರಾಶ್ರಿತರಿಗೆ. ನಡುವೆ ಐದು ನಿಮಿಷ ಪೇಮಾ ಮಾತಾಡಬೇಕೆಂದು ಅವರು ಕೇಳಿದ್ದರು.

ಆಕೆಯ ತಮ್ಮ ತಾಶಿ. ಹನ್ನೊಂದು ವರ್ಷದ ಕೆಳಗೆ ಲ್ಹಾಸಾದ ಒಂದು ಮೆರವಣಿಗೆಯಲ್ಲಿ ಬಾವುಟ ಹಿಡಿದು ಜೈಲು ಸೇರಿದವನು. ಬದುಕಿದ್ದಾನೆಂಬ ಸುದ್ದಿ ಬಂದೇ ಆರು ವರ್ಷವಾಗಿತ್ತು. "ಅವನ ಬಗ್ಗೆ ಹೇಳಬೇಕ್ರಿ ಬಾಯಾರ. ಕನ್ನಡದಾಗ ಬರದು ಕೊಡ್ರಿ," ಎಂದಳು. ಹೆಸರು, ಊರು, ಜೈಲಿಗೆ ಹೋದ ವರ್ಷ ಎಲ್ಲ ಕೇಳಿಕೊಂಡು ಫಾರಂ ತುಂಬಿದ ಹಾಗೆ ಎರಡು ಪುಟ ಬರೆದುಕೊಟ್ಟೆ. ಪೇಮಾ ಹದಿನೈದು ದಿನ ಗೋಡೆಯ ಕೆಳಗೆ ಕೂತು ಅದನ್ನು ಬಾಯಿಪಾಠ ಮಾಡಿದಳು. ಬಸ್ಸಿನಲ್ಲೂ ಗಂಟಿನ ಹಿಂದಿನಿಂದ ಆಕೆಯ ತುಟಿಗಳು ಆಡುತ್ತಿದ್ದವು.

ತಾವರಗೇರಿಯಲ್ಲಿ ಚಹಾಕ್ಕೆಂದು ಹತ್ತು ನಿಮಿಷ ನಿಲ್ಲಿಸಿದರು. ಚಹಾ ಬರೀ ಸಕ್ಕರೆ ಪಾಕ. ಅಲ್ಲಿಯವರೆಗೂ ಎರಡೂ ಕಡೆ ತೆನೆ ಬಿಟ್ಟ ಬಿಳಿಜೋಳ, ಕಡಲೆ. ಕನಕಗಿರಿ ದಾಟಿ ಗಂಗಾವತಿ ಹತ್ತಿರವಾದಂತೆ ಕಾಲುವೆ ನೀರು ಬಂತು, ಮೊಣಕಾಲುದ್ದ ಕೆಸರಿನಲ್ಲಿ ಭತ್ತದ ನಾಟಿ ಹಚ್ಚುವವರು ಕಂಡರು, ಬಸ್ಸಿನೊಳಗೆ ತೆಲುಗು ಮಾತು ಹತ್ತಿಕೊಂಡಿತು. ಹತ್ತು ಗಂಟೆಗೆ ಗಂಗಾವತಿಯಲ್ಲಿ ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜಿ ತಿಂದೆವು. ಇಬ್ಬರಿಗೂ ಸೇರಿ ಹದಿನಾಲ್ಕು ರೂಪಾಯಿ. ಮಿರ್ಚಿ ಎಷ್ಟು ಚೆನ್ನಾಗಿತ್ತೆಂದರೆ ನಾನು ಇನ್ನೆರಡು ಕಟ್ಟಿಸಿಕೊಂಡೆ.

ಮೈಕ್ ಸೆಟ್ ಗಂಗಾವತಿಯ ಖಾಜಾಸಾಬರದು. ಐವತ್ತು ದಾಟಿದ, ಮದುವೆ, ಉರುಸು, ನಾಟಕ ಎಲ್ಲಕ್ಕೂ ಮೈಕು ಹಾಕಿದ ಮನುಷ್ಯ. ಜನರೇಟರು, ಹಾರ್ನುಗಳು, ಎರಡು ದೊಡ್ಡ ಸ್ಪೀಕರ್ ಡಬ್ಬಿಗಳ ಜೊತೆ ನಮ್ಮನ್ನೂ ಟೆಂಪೋದಲ್ಲಿ ಹೇರಿಕೊಂಡರು. ಆನೆಗೊಂದಿ ದಾರಿ ಹಿಡಿದು ಸಾಣಾಪುರದ ಮೇಲೆ ಸುಮಾರು ಇಪ್ಪತ್ತು ಕಿಲೋಮೀಟರು. ರಸ್ತೆ ಹೇಗಿತ್ತೆಂದು ಮರುದಿನ ನನ್ನ ಸೊಂಟ ಹೇಳಿತು. "ಇಂಗ್ಲಿಷ್ ಹಾಡಿಗೆ ನಮ್ಮ ಹಾರ್ನು ತಡೀತಾವೋ ಇಲ್ಲೋ ನೋಡಬೇಕ್ರಿ," ಎಂದು ಖಾಜಾಸಾಬರು ದಾರಿಯುದ್ದಕ್ಕೂ ಚಿಂತೆ ಮಾಡಿದರು.

ಗಡ್ಡೆಯಲ್ಲಿ ಕೊಯ್ಲಾದ ಒಂದು ಭತ್ತದ ಗದ್ದೆಯಲ್ಲಿ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ಹಿಂದೆ ಬಂಡೆಗಳ ಗುಡ್ಡ. ಗಿಟಾರ್ ಹಿಡಿದ ಕಾನರ್ ಎಂಬ ಐರ್ಲೆಂಡಿನ ಹುಡುಗ ಎಲ್ಲರ ಮುಖಂಡ. ಲುಂಗಿ ಉಟ್ಟಿದ್ದ, ಆದರೆ ಅದನ್ನು ಉಡುವ ಬಗೆ ತಿಳಿದಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಒಂದಿನ್ನೂರು ಜನ ಸೇರಿದ್ದರು. ಅರ್ಧ ವಿದೇಶಿಯರು, ಅರ್ಧ ನಾಟಿ ಬಿಟ್ಟು ಬಂದ ಗಡ್ಡೆಯ ಹೆಣ್ಣುಮಕ್ಕಳು, ಹರಗೋಲಿನವರು.

ಆಗ ಪೊಲೀಸ್ ಜಮಾದಾರರು ಬಂದರು. ವಯಸ್ಸಾದ, ಸಾವಧಾನದ ಮನುಷ್ಯ. ಜೇಬಿನಿಂದ ಅನುಮತಿ ಪತ್ರ ತೆಗೆದು ಕನ್ನಡಕ ಹಾಕಿಕೊಂಡು ಓದಿದರು. "ಏಳೂವರೆ ತನಕ ಹಾಡ್ರಿ. ಭಾಷಣ ಮಾತ್ರ ಇಲ್ಲ. 'ಲಗತ್ತಿಸಿದ ಭಾಷಣವನ್ನು ಮಾಡತಕ್ಕದ್ದಲ್ಲ' ಅಂತ ಬರದಾರ ನೋಡ್ರಿ."

ಹುಡುಗರ ಪರವಾಗಿ ಆ ಅನುಮತಿಗೆ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟವಳು ನಾನೇ. ಲಗತ್ತು ಇಲ್ಲದ ಅರ್ಜಿ ನನ್ನ ಕಣ್ಣಿಗೆ ಕುಂಟಿದಂತೆ ಕಾಣುತ್ತದೆ, ಇಪ್ಪತ್ತು ವರ್ಷದ ನೌಕರಿಯ ಚಟ. ಯಾರೂ ಕೇಳದಿದ್ದರೂ ಭಾಷಣದ ಪ್ರತಿಗೆ ಪಿನ್ನು ಚುಚ್ಚಿ ಸೇರಿಸಿದ್ದೆ.

"ಇದನ್ನ ಹಚ್ಚಿದವರು ಯಾರ್ರಿ?" ಎಂದು ಜಮಾದಾರರು ಕೇಳಿದರು. "ಹಚ್ಚದಿದ್ರ ಯಾರಿಗೂ ಗೊತ್ತಾಗತಿದ್ದಿಲ್ಲ. ಈಗ ಗೊತ್ತಾದ ಮ್ಯಾಲ ನಾ ಬಿಟ್ರ ನನ್ನ ಕುತ್ತಿಗಿಗೆ ಬರತೈತಿ."

ನಾನೇ ಎಂದೆ. ಪೇಮಾ ಗಂಟಿನ ಮೇಲೆ ಕೂತು ಜಪದ ಹರಳು ಮಾಲೆ ತಿರುಗಿಸತೊಡಗಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕಟ್ಟಿಸಿಕೊಂಡಿದ್ದ ಮಿರ್ಚಿ ಕೊಟ್ಟೆ, ಬೇಡವೆಂದಳು.

ಹಾಡು ಶುರುವಾಯಿತು. ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಎದೆಯೊಳಗೆ ಹಿಟ್ಟಿನ ಗಿರಣಿ ಹಾಕಿದಂತಿತ್ತು. ಆದರೆ ಗಡ್ಡೆಯ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಗುತ್ತ, ಮೂರನೆಯ ಹಾಡಿಗೆ ಚಪ್ಪಾಳೆ ತಟ್ಟುವುದನ್ನು ಕಲಿತಿದ್ದರು. ಹಾಡು ಮುಗಿದಾಗ ಒಬ್ಬ ಹರಗೋಲಿನವ ವೇದಿಕೆಗೆ ಹೋಗಿ ಕಾನರ್‌ನ ಅಂಗಿಗೆ ಹತ್ತರ ನೋಟನ್ನು ಪಿನ್ನಿನಿಂದ ಚುಚ್ಚಿದ. ಹುಡುಗ ಬೆಚ್ಚಿ ಹಿಂದೆ ಸರಿದ. ಖಾಜಾಸಾಬರಿಗೆ ಮಾತ್ರ ಯಾರೂ ಹೇಳಬೇಕಾಗಲಿಲ್ಲ, ಇಪ್ಪತ್ತು ವರ್ಷದ ರೂಢಿಯಂತೆ ಮೈಕಿಗೆ ಬಾಯಿ ಕೊಟ್ಟು ಆಹೇರಿ ಸಾರಿದರು. ನಮ್ಮ ಕಡೆ ಬಯಲಾಟ, ನಾಟಕಗಳಲ್ಲಿ ಮೆಚ್ಚಿದವರು ಕಲಾವಿದರಿಗೆ ಬಟ್ಟೆಯನ್ನೋ ದುಡ್ಡನ್ನೋ ಆಹೇರಿ ಮಾಡುತ್ತಾರೆ. ಕೊಟ್ಟವರ ಹೆಸರು, ಊರು, ಯಾರ ಹೆಸರಿನಲ್ಲಿ ಕೊಟ್ಟರು ಎಂಬುದನ್ನು ಮೈಕಿನಲ್ಲಿ ಕೂಗಲೇಬೇಕು. ಕೂಗದಿದ್ದರೆ ಜಗಳ.

ಸಾರಿ ಮುಗಿಸಿ ಖಾಜಾಸಾಬರು ಅಲ್ಲೇ ನಿಂತರು. ಒಮ್ಮೆ ಪೇಮಾಳನ್ನು, ಒಮ್ಮೆ ಜಮಾದಾರರನ್ನು ನೋಡಿದರು. "ಜಮಾದಾರ ಸಾಹೇಬ್ರ, ಆಹೇರಿಗೆ ಏನೂ ಅಡ್ಡಿ ಇಲ್ಲಲ್ರಿ?"

ಜಮಾದಾರರು ಪತ್ರವನ್ನು ಮತ್ತೆ ಬಿಚ್ಚಿ ಮೇಲಿನಿಂದ ಕೆಳಗಿನವರೆಗೆ ಓದಿದರು. ತಡಮಾಡಿ ಓದಿದರು. "ಆಹೇರಿ ಬಗ್ಗೆ ಇದರಾಗ ಏನೂ ಬರದಿಲ್ಲ," ಎಂದು ಮಡಚಿ ಜೇಬಿಗಿಟ್ಟರು. "ಮಂದಿ ಖುಷೀಲೆ ಕೊಡೂದನ್ನ ಬ್ಯಾಡ ಅನ್ನಾಕ ನಾ ಯಾರ್ರಿ."

ಪೇಮಾ ಎದ್ದಳು. ಗಂಟು ಬಿಚ್ಚಿ ಬಹಳ ಹೊತ್ತು ಹುಡುಕಿ ಕಂದು ಬಣ್ಣದ ಒಂದು ಸ್ವೆಟರ್ ಆರಿಸಿದಳು. ಖಾಜಾಸಾಬರ ಕಿವಿಯಲ್ಲಿ ಹೇಳಿದಳು, ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ನಂತರ ಉರುಸಿನ ಆ ದೊಡ್ಡ ದನಿಯಲ್ಲಿ ಹಾರ್ನುಗಳು ಕೂಗಿದವು.

"ಟಿಬೆಟ್ ದೇಶದ ದಿಂಗ್ರಿ ಸೀಮೆಯ ತಾಶಿ, ಸದ್ಯ ಮುಕ್ಕಾಂ ಲ್ಹಾಸಾ ಜೈಲು, ಬಾವುಟ ಹಿಡಿದಿದ್ದಕ್ಕ ಹನ್ನೊಂದು ವರ್ಷದಿಂದ ಒಳಗ ಇರುವಂಥ ಇವರ ಹೆಸರಿನಲ್ಲಿ, ಇವರ ಅಕ್ಕ ಪೇಮಾ ಅವರಿಂದ ಕಲಾವಿದರಿಗೆ ಒಂದು ಸ್ವೆಟರ್ ಆಹೇರಿ. ತಾಶಿ ಅವರಿಗೆ ಆ ದೇವರು ಆಯುಷ್ಯ ಕೊಟ್ಟು ಲಗೂನ ಮನಿಗೆ ಕಳಸಲಿ."

ನಾನು ಅತ್ತೆ, ಮುಚ್ಚಿಡುವುದೇನು. ಕಾನರ್ ಆ ಬಿಸಿಲಿನಲ್ಲಿ ಸ್ವೆಟರ್ ತೊಟ್ಟುಕೊಂಡ. ಮುಂದಿನ ಹಾಡುಗಳನ್ನೆಲ್ಲ ಬೆವರು ಸುರಿಸುತ್ತಲೇ ಹಾಡಿದ, ತೆಗೆಯಲಿಲ್ಲ. ಪೇಮಾ ಒಂದೊಂದು ಹಾಡಿಗೂ ಒಂದೊಂದು ಮಫ್ಲರ್, ಟೊಪ್ಪಿಗೆ ಕೊಟ್ಟು ತಾಶಿಯ ಜೊತೆ ಸೆರೆಯಾದ ತನ್ನ ಊರಿನವರ ಹೆಸರು ಹೇಳಿಸಿದಳು. ಆರು ಹೆಸರು. ನನ್ನ ಭಾಷಣದಲ್ಲಿ ಅವನ್ನು 'ಇತರರು' ಎಂದು ಬರೆದಿದ್ದೆ. ನಾಟಿಯ ಕೆಸರು ಕಾಲಿನಲ್ಲಿದ್ದ ಒಬ್ಬ ಹೆಂಗಸು ಬಂದು ಸೆರಗಿನ ಗಂಟಿನಿಂದ ಐದು ರೂಪಾಯಿ ತೆಗೆದಳು. "ನನ್ನ ಹೆಸರು ಬ್ಯಾಡ್ರಿ. ಆ ತಮ್ಮನ ಹೆಸರಲೇನ ಕೂಗ್ರಿ," ಎಂದಳು. ಖಾಜಾಸಾಬರು ಕೂಗಿದರು. ಆಮೇಲೆ ಏಳೂವರೆಯವರೆಗೆ ತಾಶಿಯ ಹೆಸರನ್ನು ಅದೆಷ್ಟು ಸಲ ಕೂಗಿದರೋ. ಜಮಾದಾರರು ಅಷ್ಟೂ ಹೊತ್ತು ನಮಗೆ ಬೆನ್ನು ಮಾಡಿ ಬಂಡೆಗಳನ್ನು ಕಾದರು.

ಆ ರಾತ್ರಿ ಗಂಗಾವತಿಯಲ್ಲಿ ಖಾಜಾಸಾಬರ ಮನೆಯಲ್ಲಿ ಉಂಡು ಮಲಗಿದೆವು. ಅನ್ನ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ದಾಣಕ್ಕೆ ಬಂದು ದಾರಿಗೆ ಬಾಳೆಹಣ್ಣು ಕೊಳ್ಳಲು ಬುಟ್ಟಿಯ ಮುಂದೆ ನಿಂತೆವು. ಮಾರುತ್ತಿದ್ದವಳು ಪೇಮಾಳ ಮುಖವನ್ನೇ ದಿಟ್ಟಿಸಿದಳು.

"ನಮ್ಮದು ಸಾಣಾಪುರ ರೀ. ನಿನ್ನೆ ಹೊಲದಾಗ ಇದ್ದೆ, ಗಡ್ಡಿ ಮೈಕು ನಮಗ ಕೇಳತಿತ್ತು," ಎಂದಳು. "ತಾಶಿ ಅಂದ್ರ ನಿಮ್ಮ ತಮ್ಮೇನ್ರಿ? ಬಂದನೇನ್ರಿ ಮನಿಗೆ?"

"ಇನ್ನೂ ಬಂದಿಲ್ರಿ," ಎಂದಳು ಪೇಮಾ.

"ಬರತಾನ ತಗೋರಿ," ಎಂದು ಆಕೆ ಡಜನ್ನಿನ ಮೇಲೆ ಎರಡು ಹಣ್ಣು ಹೆಚ್ಚಿಗೆ ಹಾಕಿದಳು.

ಬಸ್ಸು ಹೊರಟಿತು. ಕನಕಗಿರಿ ದಾಟಿದ ಮೇಲೆ ಪೇಮಾ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ನಮ್ಮ ಮಂದಿ ಬಿಟ್ರ, ಅವ ಬಂದನೇನು ಅಂತ ನನ್ನ ಇಷ್ಟು ವರ್ಷದಾಗ ಯಾರೂ ಕೇಳಿದ್ದಿಲ್ರಿ ಬಾಯಾರ."

ನಾನೂ ಕೇಳಿರಲಿಲ್ಲ. ಅದನ್ನು ಆಕೆ ಹೇಳಲಿಲ್ಲ.